ಒಂಬತ್ತನೇ ತಟ್ಟೆಯ ಒಂಬತ್ತು ಸಾವಿರ ಆಟ

ನಮ್ಮ ಕಡೆ ಮಗುವಿನ ಕಿವಿ ಚುಚ್ಚುವವನು ಅಕ್ಕಸಾಲಿ, ಅಳುವುದು ಮಗು, ಆದರೆ ನಿಜವಾದ ನೋವು ಸೋದರಮಾವನಿಗೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು ಅವನು. ಅದಕ್ಕೂ ಮೊದಲು ಸೀರು, ಅಂದರೆ ತವರಿನ ಉಡುಗೊರೆ, ತರಬೇಕಾದವನೂ ಅವನೇ. ಹಣ್ಣು, ಬಳೆ, ರೇಷ್ಮೆ ಲಂಗ, ಸಿಹಿ ಎಂದು ಒಂದೊಂದು ತಟ್ಟೆಗೆ ಒಂದೊಂದು ಉಡುಗೊರೆ ಇಟ್ಟು ಹೆಂಗಸರು ಸಾಲಾಗಿ ಹಿಡಿದು ಬರುತ್ತಾರೆ. ಬಂದದ್ದನ್ನೆಲ್ಲ ಒಬ್ಬ ಮೈಕಿನಲ್ಲಿ ಕೂಗಿ ಹೇಳುತ್ತಾನೆ. ತಟ್ಟೆಗಳು ಬೆಸಸಂಖ್ಯೆಯಲ್ಲೇ ಇರಬೇಕು. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಕಾರಣ ಯಾರೂ ತಪ್ಪಿಸುವುದೂ ಇಲ್ಲ.

ನನ್ನ ಗೆಳೆಯ ಮುನಿಕೃಷ್ಣನ ತಂಗಿ ಶಶಿರೇಖಾಳನ್ನು ಮತ್ತಿಗಿರಿಗೆ ಕೊಟ್ಟು ಎಂಟು ವರ್ಷವಾಗಿತ್ತು. ಅವಳ ಮಗಳು ಭಾನುವಿಗೆ ಐದನೇ ವರ್ಷದಲ್ಲಿ ಕಿವಿ ಚುಚ್ಚುವುದೆಂದು ನಿಶ್ಚಯವಾಯಿತು. ಮುನಿಕೃಷ್ಣ ಒಂಬತ್ತು ತಟ್ಟೆ ತರುತ್ತೇನೆಂದು ಬೀಗರ ಮನೆಗೆ ಹೇಳಿಕಳಿಸಿದ. ಹಿಂದಿನ ದಿನ ಸಾಯಂಕಾಲ ಅವನ ಹೆಂಡತಿ ವನಿತಾ ಎಣಿಸಿದಾಗ ಎಂಟು ತಟ್ಟೆಗಳಿಗೆ ಮಾತ್ರ ಸಾಮಾನಿತ್ತು.

ಬೇರೆ ಮನೆಯಾಗಿದ್ದರೆ ಒಂದು ತಟ್ಟೆಗೆ ತೆಂಗಿನಕಾಯಿ ಇಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಇಲ್ಲಿ ಹಾಗಾಗುವಂತಿರಲಿಲ್ಲ. ಶಶಿರೇಖಾಳ ಮಾವ ಆವುಲಪ್ಪನವರು ಗುಲಾಬಿ ತೋಟ ಮಾಡುವವರು, ಮಾತಿನಲ್ಲಿ ಮುಳ್ಳು ಅವರಿಗೆ ಸಹಜ. ಮದುವೆಯಲ್ಲಿ ಊಟಕ್ಕೆ ಎರಡು ಸಿಹಿ ಎಂದು ಹೆಣ್ಣಿನವರು ಹೇಳಿದ್ದರು. ಬೀಗರ ಪಂಕ್ತಿ ಕೂರುವ ಹೊತ್ತಿಗೆ ಹೋಳಿಗೆ ಮುಗಿದು ಒಂದೇ ಸಿಹಿ ಉಳಿದಿತ್ತು. ಆವತ್ತಿನಿಂದ ಎಂಟು ವರ್ಷ, ಸಾರಿಗೆ ಉಪ್ಪು ಕಡಿಮೆಯಾದರೂ, ಬಸ್ಸು ತಡವಾದರೂ, ಮಳೆ ಬರದಿದ್ದರೂ ಆವುಲಪ್ಪನವರು ಸೊಸೆಯ ಮುಂದೆ ಒಂದೇ ಮಾತು ಹೇಳುತ್ತಿದ್ದರು. "ನಿಮ್ ತವರಲ್ಲಿ ಬಾಯಲ್ಲಿ ಹೇಳೋದೊಂದು, ಎಲೆಗೆ ಬೀಳೋದೊಂದು."

ಆದ್ದರಿಂದ ಎಂಟು ತಟ್ಟೆ ಹಿಡಿದು ಹೋದರೆ ಶಶಿರೇಖಾಳಿಗೆ ಇನ್ನೂ ಎಂಟು ವರ್ಷ ಸಾಕಾಗುವಷ್ಟು ಮಾತು ಗ್ಯಾರಂಟಿ. ಮುನಿಕೃಷ್ಣ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಪೇಟೆಗೆ ಹೊರಟ.

ನಾವಿಬ್ಬರೂ ಮೂಕಂಡಪಲ್ಲಿಯ ಒಂದು ಫ್ಯಾಕ್ಟರಿಯಲ್ಲಿ ಫೈನಲ್ ಇನ್‌ಸ್ಪೆಕ್ಷನ್ ವಿಭಾಗದವರು. ನಟ್ಟು ಬೋಲ್ಟುಗಳನ್ನು ಗೇಜಿಗೆ ಹಾಕಿ ನೋಡಿ ಪಾಸು ಅಥವಾ ರಿಜೆಕ್ಟು ಎನ್ನುವುದು ನಮ್ಮ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮುನಿಕೃಷ್ಣ ಹಿಡಿಯುತ್ತಾನೆ. ಫ್ಯಾಕ್ಟರಿ ಗೇಟು ದಾಟಿದರೆ ಮಾತ್ರ ಅವನ ಆ ಶಕ್ತಿ ಒಳಗೇ ಉಳಿದುಬಿಡುತ್ತದೆ. ಹುಳುಕು ಬದನೆಕಾಯಿ, ತಿರುಗದ ಫ್ಯಾನು, ಚಿಕ್ಕದಾದ ಚಪ್ಪಲಿ, ಎಲ್ಲವನ್ನೂ ಸಂತೋಷದಿಂದ ಪಾಸು ಮಾಡಿ ಮನೆಗೆ ತರುತ್ತಾನೆ.

ಬಾಗಲೂರು ರಸ್ತೆಯಲ್ಲಿ ಯುವರಾಜ್ ಎಂಬವನ ಹಳೆಯ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿ ಇದೆ. ಅವನು ಒಂದು ವಿಡಿಯೋ ಗೇಮ್ ಪೆಟ್ಟಿಗೆ ತೆಗೆದು ಧೂಳು ಊದಿದ. ಟಿವಿಗೆ ಹಳದಿ, ಕೆಂಪು, ಬಿಳಿ ವೈರು ಚುಚ್ಚಿ ಆಡುವ ಹಳೆಯ ಕಾಲದ್ದು. ಪೆಟ್ಟಿಗೆಯ ಮೇಲೆ ಚಿನ್ನದ ಬಣ್ಣದಲ್ಲಿ 9999 ಆಟ ಎಂದಿತ್ತು.

"ಸಾರ್, ಈಗಿನ ಹೊಸ ಮಿಷಿನ್ನು ತಗೊಂಡ್ರೆ ಒಂದೊಂದು ಆಟಾನೂ ಬೇರೆ ಬೇರೆ ವಾಂಗಬೇಕು. ಇದ್ರಲ್ಲಿ ಎಲ್ಲಾ ಉಳ್ಳೇನೇ, ಒಳಗೇನೇ ಇದೆ," ಎಂದ ಯುವರಾಜ್, ತಮಿಳು ಬೆರೆಸಿದ ಕನ್ನಡದಲ್ಲಿ.

ಮುನಿಕೃಷ್ಣನ ಕಣ್ಣು ಅರಳಿತು. "ದಿನಕ್ಕೊಂದು ಆಡಿದ್ರೂ ಇಪ್ಪತ್ತೇಳು ವರ್ಷ ಕಣ್ಲಾ ಸುರೇಂದ್ರ! ಮಗಿಗೆ ಮದುವೆ ಆದ್ಮೇಲೂ ಆಟ ಮಿಕ್ಕಿರ್ತದೆ."

"ನೋಡಿ ತಗೊಳ್ಳಣ," ಎಂದೆ ನಾನು, ಜವಾಬ್ದಾರಿಯುಳ್ಳವನಂತೆ.

ನಾವು ನೋಡಿದೆವು. ಇಲ್ಲಿ ನಮ್ಮ ಕಸುಬಿನ ಒಂದು ವಿಷಯ ಹೇಳಬೇಕು. ಹತ್ತು ಸಾವಿರ ಬೋಲ್ಟು ಬಂದರೆ ಹತ್ತು ಸಾವಿರವನ್ನೂ ಯಾರೂ ಅಳೆಯುವುದಿಲ್ಲ. ಐದು ತೆಗೆದು ಅಳೆಯುತ್ತೇವೆ. ಐದೂ ಸರಿಯಿದ್ದರೆ ಇಡೀ ಲಾಟು ಪಾಸು. ಎಲ್ಲೆಲ್ಲಿಂದಲೋ ಆರಿಸಿ ತೆಗೆಯಬೇಕೆಂದು ಪುಸ್ತಕದಲ್ಲಿದೆ, ಆದರೆ ಮನುಷ್ಯನ ಕೈ ಮೇಲಿನ ಐದಕ್ಕೇ ಹೋಗುತ್ತದೆ. ಮುನಿಕೃಷ್ಣ ಅಂಗಡಿಯ ಟಿವಿಯಲ್ಲಿ ಒಂದರಿಂದ ಐದರವರೆಗೆ ಆಡಿಸಿ ನೋಡಿದ. ಒಂದರಲ್ಲಿ ಟೋಪಿಯವನೊಬ್ಬ ಗುಂಡಿ ಹಾರುತ್ತಿದ್ದ, ಒಂದರಲ್ಲಿ ಬಾತುಕೋಳಿ ಹೊಡೆಯುವುದು, ಒಂದು ಕಾರಿನ ಪಂದ್ಯ, ಒಂದು ಟ್ಯಾಂಕು, ಒಂದು ವಿಮಾನ. ಐದೂ ಬೇರೆ ಬೇರೆ.

"ಸ್ಯಾಂಪಲ್ ಓಕೆ," ಎಂದ ಮುನಿಕೃಷ್ಣ.

"ಲಾಟ್ ಪಾಸು," ಎಂದೆ ನಾನು. ಹದಿನಾಲ್ಕು ವರ್ಷದ ಅನುಭವವುಳ್ಳ ಇಬ್ಬರು ಇನ್‌ಸ್ಪೆಕ್ಟರುಗಳು ಪೆಟ್ಟಿಗೆಗೆ ಬಣ್ಣದ ಕಾಗದ ಸುತ್ತಿಸಿಕೊಂಡು ಬಂದೆವು.

ಮಾರನೆಯ ದಿನ ಭಾನುವಾರ, ಮತ್ತಿಗಿರಿಯ ಛತ್ರದಲ್ಲಿ ಮೈಕು ನನ್ನ ಕೈಗೆ ಬಂತು. ಮುನಿಕೃಷ್ಣ ಚೀಟಿಯಲ್ಲಿ ಬರೆದುಕೊಟ್ಟಿದ್ದು "ಒಂಬತ್ತನೇ ತಟ್ಟೆ, ವಿಡಿಯೋ ಗೇಮು" ಎಂದು ಅಷ್ಟೇ. ಆದರೆ ಮೈಕು ಕೈಗೆ ಬಂದ ಮೇಲೆ ಯಾವ ಮನುಷ್ಯನೂ ಚೀಟಿಯಲ್ಲಿರುವಷ್ಟೇ ಹೇಳುವುದಿಲ್ಲ. ಹಣ್ಣಿನ ತಟ್ಟೆಯನ್ನೇ ನಾನು ಸೇಬು, ದಾಳಿಂಬೆ, ಮೂಸಂಬಿ ಎಂದು ಬಿಡಿಬಿಡಿಯಾಗಿ ಕೂಗಿದ್ದೆ. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಗಂಟಲು ಚೆನ್ನಾಗಿ ಕಾದಿತ್ತು.

"ಆಲಸನತ್ತಂ ಊರಿನ ಸೋದರಮಾವ ಮುನಿಕೃಷ್ಣನವರಿಂದ ಸೋದರಸೊಸೆ ಭಾನುವಿಗೆ, ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟಗಳು!"

ಅಡುಗೆಯವರು ಹೊರಗೆ ಬಂದು ನೋಡಿದರು. ಮುಂದಿನ ಸಾಲಿನಲ್ಲಿದ್ದ ಆವುಲಪ್ಪನವರ ದಾಯಾದಿ ಅಶ್ವತ್ಥಪ್ಪ, "ಎಷ್ಟಂದ?" ಎಂದು ಪಕ್ಕದವರನ್ನು ಎರಡು ಸಲ ಕೇಳಿದರು. ಯಾರೋ ಚಪ್ಪಾಳೆ ಹೊಡೆದರು, ಆಮೇಲೆ ಎಲ್ಲರೂ ಹೊಡೆದರು. ಆವುಲಪ್ಪನವರು ಮಾತಿಗೆಂದು ತೆರೆದ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡರು. ನಾನಂತೂ ಆ ದಿನ ಮೂರು ಸಲ ಊಟಕ್ಕೆ ಕರೆಸಿಕೊಂಡೆ.

ಒಂದು ವಾರ ಕಳೆದು ಮುಂದಿನ ಭಾನುವಾರ ಶಶಿರೇಖಾಳ ಫೋನು ಬಂತು. ನಾನು ಮುನಿಕೃಷ್ಣನ ಮನೆಯಲ್ಲೇ ಕಾಫಿ ಕುಡಿಯುತ್ತಿದ್ದೆ. ಅವನು ಸ್ಪೀಕರಿಗೆ ಹಾಕಿದ.

"ಅಣ್ಣಾ, ಎಂಟನೇ ಆಟ ನೋಡಿದ್ದೀಯಾ?"

"ಇಲ್ಲ. ಐದು ಗಂಟ ನೋಡಿದ್ದೆ. ಯಾಕಮ್ಮ?"

"ಎಂಟನೇದು ಒಂದನೇದೇ. ಒಂಬತ್ತನೇದು ಎರಡನೇದು. ಹೆಸರು, ಬಣ್ಣ ಬೇರೆ ಬೇರೆ ಹಾಕವ್ರೆ ಅಷ್ಟೇ. ಮಾವ ತೋಟಕ್ಕೆ ಹೋದಾಗ ನಾನು ಐನೂರರವರೆಗೂ ನೋಡ್ದೆ. ಇರೋದು ಏಳೇ ಕಣಣ್ಣ."

ಮುನಿಕೃಷ್ಣನ ಲೋಟ ಅರ್ಧದಲ್ಲೇ ನಿಂತಿತು. "ನಿಮ್ಮ ಮಾವಂಗೆ ಗೊತ್ತಾಯ್ತಾ?"

"ಇನ್ನೂ ಇಲ್ಲ. ಬುಧವಾರದಿಂದ ಅವರೇ ಒಂದು ರೂಲ್ಸು ಮಾಡವ್ರೆ. ದಿನಕ್ಕೆ ಒಂದೇ ಆಟ, ವರಸೆ ತಪ್ಪಂಗಿಲ್ಲ, ನಂಬರು ಅವರೇ ಹಾಕ್ಬೇಕು. ಮಗಾ ಅತ್ರೂ ಕೊಡಲ್ಲ. ಇವತ್ತು ಐದನೇದಾಯ್ತು." ಆಮೇಲೆ ಅವಳ ದನಿ ಸಣ್ಣದಾಯಿತು. "ಅಣ್ಣಾ, ಈ ವಾರ ನನ್ನ ಯಾರೂ ಏನೂ ಅಂದಿಲ್ಲ. ಸಾರು ಸೀದುಹೋಗಿತ್ತು, ಆದ್ರೂ ಅನ್ಲಿಲ್ಲ. ಬುಧವಾರ ಎಂಟನೇದು ಬತ್ತದೆ. ಏನಾದ್ರೂ ಮಾಡು."

ಫೋನಿಟ್ಟ ಮೇಲೆ ವನಿತಾ ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. "ಇಬ್ಬರು ಹೋಗಿದ್ರಿ. ಇನ್‌ಸ್ಪೆಕ್ಷನ್ನವರು," ಎಂದಷ್ಟೇ ಹೇಳಿ ಒಳಗೆ ಹೋದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಶಿಫ್ಟು ಮುಗಿಸಿ ಯುವರಾಜನ ಅಂಗಡಿಗೆ ನುಗ್ಗಿದೆವು. ಅವನು ಸ್ವಲ್ಪವೂ ಗಾಬರಿಯಾಗಲಿಲ್ಲ.

"ಸಾರ್, ನಂಬರು ಒಂಬತ್ತು ಸಾವಿರದ ತನಕ ಬರುತ್ತಾ ಇಲ್ವಾ?"

"ಬತ್ತದೆ."

"ಪ್ರತಿ ನಂಬರಿಗೂ ಒಂದು ಆಟ ಓಡುತ್ತಾ ಇಲ್ವಾ?"

"ಓಡ್ತದೆ. ಆದ್ರೆ ಅದೇ ಏಳು!"

"ಓಡುತ್ತೆ ತಾನೇ? ನಾನು ಓಡೋದಕ್ಕೆ ಗ್ಯಾರಂಟಿ ಕೊಟ್ಟೆ ಸಾರ್. ಬೇರೆಬೇರೆ ಓಡುತ್ತೆ ಅಂತ ಯಾರು ಸೊಲ್ಲಿದ್ದು?"

ಮುನಿಕೃಷ್ಣ ನನ್ನನ್ನು ನೋಡಿದ. ಸೊಲ್ಲಿದ್ದು ನಾನು, ಅದೂ ಮೈಕಿನಲ್ಲಿ.

ಬೇರೆ ಯಾವುದಾದರೂ ಕೊಡು, ತುಂಬ ಆಟ ಇರುವುದು, ಎಂದು ಕೇಳಿದೆವು. ಯುವರಾಜ್ ನಮ್ಮನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದ. ಗೋಡೆಯುದ್ದಕ್ಕೂ ಹಳೆಯ ಗೇಮ್ ಮಿಷಿನ್ನುಗಳ ಸಾಲು. ಒಂದೊಂದನ್ನೂ ಅವನು ಮುಟ್ಟಿ ಮುಟ್ಟಿ ಹೇಳಿದ. ಈ ಕರಿಯದು ಬಂದ ವರ್ಷವೇ ಮಾಡಿದವರು ಕೈಬಿಟ್ಟರು, ಇದಕ್ಕೆ ಬಂದದ್ದು ಮೂರೇ ಆಟ, ಮೂರೂ ಮೀನು ಹಿಡಿಯುವುದು. ಈ ಬಿಳಿಯದು ಬಹಳ ಗಟ್ಟಿ, ಮಹಡಿಯಿಂದ ಬಿದ್ದರೂ ಏನಾಗುವುದಿಲ್ಲ, ಆದರೆ ಇದರ ಆಟವೆಲ್ಲ ಓದಲು ಬಾರದ ಭಾಷೆಯಲ್ಲಿದೆ. ಇದು ಇಬ್ಬರೇ ಆಡಬೇಕಾದ್ದು, ಎರಡನೇ ಹಿಡಿಕೆ ಎಲ್ಲೂ ಸಿಗುವುದಿಲ್ಲ. ಇದರ ಜೊತೆ ಬಂದದ್ದು ಒಂದೇ ಒಂದು ಆಟ, ಅದರಲ್ಲಿ ಚೆಂಡು ಆ ಕಡೆಯಿಂದ ಈ ಕಡೆಗೆ ಹೋಗುತ್ತದೆ, ಅಷ್ಟೇ.

ಮುನಿಕೃಷ್ಣ ಅಭ್ಯಾಸಬಲದಿಂದ ಒಂದೊಂದನ್ನೂ ಎತ್ತಿ ತಿರುಗಿಸಿ ನೋಡಿದ. "ಬಾಡಿ ಎಲ್ಲಾ ಪಾಸು ಕಣ್ಲಾ," ಎಂದ ಮೆಲ್ಲಗೆ. "ಒಂದಕ್ಕೂ ಬಿರುಕಿಲ್ಲ. ಒಳಗೆ ಆಡಕ್ಕೇ ಏನೂ ಇಲ್ಲ."

ನನಗೂ ಬೇಸರವಾಯಿತು. ಪ್ರತಿಯೊಂದು ಪೆಟ್ಟಿಗೆಯ ಮೇಲೂ ಬೆಟ್ಟ, ಕುದುರೆ, ಬೆಂಕಿ, ರಾಕೆಟ್ಟು ಎಲ್ಲ ಇತ್ತು. ಯಾವುದೋ ಮನೆಯಲ್ಲಿ ಯಾವುದೋ ಅಪ್ಪ ಇದನ್ನು ತಂದು ಮೇಜಿನ ಮೇಲಿಟ್ಟಿರಬೇಕು. ಮಕ್ಕಳು ಬಿಚ್ಚಿ ನೋಡಿ ಮೀನು ಹಿಡಿದಿರಬೇಕು. ಅಪ್ಪ ಚೆನ್ನಾಗಿದೆಯಾ ಎಂದು ಕೇಳಿದಾಗ ಚೆನ್ನಾಗಿದೆ ಎಂದೂ ಹೇಳಿರಬೇಕು. ಅಷ್ಟು ಸುಳ್ಳು ಹೇಳದ ಮನೆ ಇರಲಾರದು.

ಬರಿಗೈಯಲ್ಲಿ ಹೊರಬಂದೆವು. ಮುನಿಕೃಷ್ಣ ಬೈಕು ಹತ್ತಲಿಲ್ಲ, ಹಿಡಿದುಕೊಂಡು ನಿಂತ.

"ನಾನೇ ಹೋಗಿ ಹೇಳ್ಬುಡ್ತೀನಿ."

"ಏನಂತ?"

"ಲಾಟ್ ರಿಜೆಕ್ಟು ಅಂತ. ನಾನು ಸರಿಯಾಗಿ ನೋಡ್ದಲೇ ತಂದ್ಬುಟ್ಟೆ, ತಪ್ಪು ನಂದು, ನನ್ನ ತಂಗೀನ ಏನೂ ಅನ್ಬೇಡಿ ಅಂತ."

"ಆದ್ರೂ ಅಂತಾರೆ ಕಣೋ."

"ಅವರೇ ಎಂಟನೇದು ಹಾಕಿ ಕಂಡುಹಿಡಿದ್ರೆ ಇನ್ನೂ ಜಾಸ್ತಿ ಅಂತಾರೆ."

ಇದು ಸರಿಯಾದ ಲೆಕ್ಕ ಎಂದು ನನಗೂ ಅನ್ನಿಸಿತು. ಮಂಗಳವಾರವಿಡೀ ಅವನು ಬೋಲ್ಟು ಅಳೆಯುತ್ತ ಆ ಮಾತನ್ನು ಬಾಯಿಪಾಠ ಮಾಡಿದ. "ಮಾವ, ಒಂದು ವಿಷಯ. ಇರೋದು ಏಳೇ. ತಪ್ಪು ನಂದು." ಪಕ್ಕದ ಮೇಜಿನವರು ಇವನಿಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದುಕೊಂಡರು. ಬುಧವಾರ ಮೊದಲ ಶಿಫ್ಟು ಮುಗಿಸಿ ಮತ್ತಿಗಿರಿಗೆ ಹೊರಟಾಗಲೂ ಬೈಕಿನ ಮುಂದುಗಡೆಯಿಂದ ಅದೇ ಮಂತ್ರ ಗಾಳಿಯಲ್ಲಿ ನನಗೆ ಕೇಳಿಸುತ್ತಿತ್ತು.

ಆವುಲಪ್ಪನವರ ನಡುಮನೆಯಲ್ಲಿ ಜನವಿತ್ತು. ಟಿವಿಯ ಮುಂದೆ ಚಾಪೆ ಹಾಕಿಕೊಂಡು ಅವರು ಕೂತಿದ್ದರು, ಹಿಡಿಕೆ ತೊಡೆಯ ಮೇಲೆ. ಪಕ್ಕದಲ್ಲಿ ಭಾನು. ಎದುರು ಕುರ್ಚಿಯಲ್ಲಿ ದಾಯಾದಿ ಅಶ್ವತ್ಥಪ್ಪನವರು ಕಾಲ ಮೇಲೆ ಕಾಲು ಹಾಕಿಕೊಂಡು, ನಾಟಕ ನೋಡಲು ಬಂದವರ ಹಾಗೆ ಕೂತಿದ್ದರು. ಆವುಲಪ್ಪನವರ ಹೆಂಡತಿ ಭದ್ರಮ್ಮ ಒಂದು ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಶಶಿರೇಖಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಣ್ಣನನ್ನು ಕಂಡು ಅವಳ ಮುಖ ಇನ್ನೂ ಬಿಳಿಚಿಕೊಂಡಿತು.

"ಬನ್ನಿ, ಒಳ್ಳೇ ಟೈಮಿಗೆ ಬಂದ್ರಿ," ಎಂದರು ಅಶ್ವತ್ಥಪ್ಪ. "ಇವತ್ತು ಎಂಟನೇದು. ನಮ್ಮನೇಲೂ ಹಿಂದೆ ಇಂಥದ್ದೊಂದು ತಂದಿದ್ರು. ಅದ್ರಲ್ಲಿ ಏಳರ ಮೇಲೆ ಎಲ್ಲಾ ಅದೇ ತಿರುಗ್ತಿತ್ತು. ಇದು ಹೆಂಗೋ ನೋಡಣ ಅಂತ ಬಂದೆ. ಹಾಕ್ಲಾ ಆವುಲ."

ನಾವಿಬ್ಬರೂ ಚಾಪೆಯ ತುದಿಗೆ ಕೂತೆವು. ಆವುಲಪ್ಪನವರು ನಿಧಾನವಾಗಿ ಗುಂಡಿ ಒತ್ತಿದರು. ತೆರೆಯ ಮೇಲೆ ಟೋಪಿಯವನು ಬಂದು ನಿಂತ. ಗುಂಡಿ ಹಾರಿದ.

"ಒಂದನೇದು!" ಎಂದು ಅಶ್ವತ್ಥಪ್ಪ ತೊಡೆ ತಟ್ಟಿದರು.

"ಒಂದನೇದಲ್ಲ," ಎಂದರು ಆವುಲಪ್ಪ.

"ಅದೇ ಟೋಪಿ, ಅದೇ ಮೀಸೆ!"

"ಒಂದನೇದ್ರಲ್ಲಿ ಆಕಾಶ ನೀಲಿ ಇತ್ತು. ಇದ್ರಲ್ಲಿ ಕಪ್ಪಗೈತೆ. ಅದು ಹಗಲಾಟ, ಇದು ರಾತ್ರಿ ಆಟ."

"ಹಗಲು ರಾತ್ರಿ ಆದ್ರೆ ಎರಡು ಆಟ ಆಗ್ತದೇನ್ಲಾ? ನನ್ನ ತೋಟ ಹಗಲೊಂದು ರಾತ್ರಿಯೊಂದು ಅಂತ ಎರಡು ಪಟ್ಟಾ ಮಾಡಿಸ್ಲಾ?"

"ಹಗಲು ನಿನ್ನ ತೋಟದಲ್ಲಿ ಕಾಣೋದೊಂದು, ರಾತ್ರಿ ನುಗ್ಗೋ ಹಂದಿಗೆ ಕಾಣೋದೊಂದು. ಎರಡೂ ಬೇರೆನೇ ಕಣ್ಲಾ," ಎಂದರು ಆವುಲಪ್ಪ, ತೆರೆಯಿಂದ ಕಣ್ಣು ತೆಗೆಯದೆ.

"ಒಪ್ಕೊಳ್ಳೋ. ಸೊಸೆ ತವರಿನೋರು ಮೈಕಲ್ಲಿ ಬೂಸಿ ಬಿಟ್ಟವ್ರೆ."

ಆವುಲಪ್ಪನವರು ಹಿಡಿಕೆಯನ್ನು ಕೆಳಗಿಟ್ಟರು. "ನೋಡ್ಲಾ ಅಶ್ವತ್ಥ. ಈ ಹುಡುಗ ಕಂಪ್ನೀಲಿ ಚೆಕಿಂಗ್ ಕೆಲಸದಲ್ಲಿ ಅವ್ನೆ. ಅವನು ಒಂಬತ್ತು ಸಾವಿರ ಅಂದ್ರೆ ನೋಡೇ ಅಂದಿರ್ತಾನೆ. ನಮ್ಮ ಬೀಗರು ಹೇಳಿದ್ರೆ ಹೇಳಿದ್ದೇ."

ಎಂಟು ವರ್ಷದಲ್ಲಿ ಆ ಮನೆಯ ಗೋಡೆಗಳು ಕೇಳದ ಮಾತು ಅದು. ಭದ್ರಮ್ಮನ ಕೈಯಲ್ಲಿ ಅವರೆಕಾಯಿ ಹಾಗೇ ಉಳಿಯಿತು. ಅಶ್ವತ್ಥಪ್ಪ ಹಾಕಿದ್ದ ಕಾಲನ್ನು ಇಳಿಸಿದರು, ಎದ್ದು ಹೋಗಲು ಟವೆಲು ಕೊಡವಿಕೊಂಡರು. ಇನ್ನು ಅರ್ಧ ನಿಮಿಷ ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ಯಾವ ದಡ್ಡನಿಗೂ ಅದು ಗೊತ್ತಾಗುತ್ತಿತ್ತು.

ಆದರೆ ಎರಡು ದಿನ ಬಾಯಿಪಾಠ ಮಾಡಿದವನಿಗೆ ನಿಲ್ಲಿಸುವುದು ಗೊತ್ತಿರುವುದಿಲ್ಲ. ನಾನು ಮುನಿಕೃಷ್ಣನ ತೊಡೆ ಚಿವುಟಿದೆ. ಅದನ್ನು ಶುರುಮಾಡು ಎಂಬ ಸೂಚನೆ ಎಂದು ಅವನು ತಿಳಿದ. ಎದ್ದು ನಿಂತು ಕೈಕಟ್ಟಿಕೊಂಡ.

"ಮಾವ, ಒಂದು ವಿಷಯ. ಇರೋದು ಏಳೇ. ತಪ್ಪು ನಂದು. ನಾನು ಐದು ನೋಡಿ ಲಾಟ್ ಪಾಸ್ ಮಾಡ್ಬುಟ್ಟೆ. ನನ್ನ ತಂಗೀನ ಏನೂ ಅನ್ಬೇಡಿ."

ಅಶ್ವತ್ಥಪ್ಪನವರ ನಗು ಬೀದಿಗೆ ಕೇಳಿಸಿತು. ಆವುಲಪ್ಪನವರ ಮುಖ ಕೆಂಪಾಯಿತು. ಅವರು ಚಾಪೆಯಿಂದ ಎದ್ದೇಬಿಟ್ಟರು.

"ಏನಯ್ಯಾ ನೀನು! ನಾನಿಲ್ಲಿ ದಾಯಾದಿ ಮುಂದೆ ಹಗಲು ರಾತ್ರಿ ಅಂತ ಏನೇನೋ ಹೇಳಿ ಒದ್ದಾಡ್ತಾ ಇದ್ರೆ, ಬಂದು ತಲೆ ಮೇಲೆ ಕಲ್ಲು ಹಾಕ್ತೀಯಲ್ಲ! ಏಳು ಅಂತ ನಂಗೊತ್ತಿಲ್ವಾ? ಹೋದ ಮಂಗಳವಾರಾನೇ ಗೊತ್ತಾಯ್ತು! ಕೈ ತಪ್ಪಿ ಇಪ್ಪತ್ತೆರಡನೇದಕ್ಕೆ ಹೋಗ್ಬುಟ್ಟೆ, ನೋಡಿದ್ರೆ ಅದೇ ಟೋಪಿಯವ್ನು. ಯಾರ ಕಣ್ಣಿಗೂ ಬೀಳಬಾರ್ದು ಅಂತ್ಲೇ ದಿನಕ್ಕೊಂದು ಅಂತ ರೂಲ್ಸು ಮಾಡಿ ನಂಬರು ನಾನೇ ಹಾಕ್ತಾ ಕೂತಿದ್ದೆ. ಮಗಾ ಅತ್ರೂ ಕೊಡ್ಲಿಲ್ಲ!"

ಮುನಿಕೃಷ್ಣ ಕಟ್ಟಿದ್ದ ಕೈ ಬಿಚ್ಚಿ ಮತ್ತೆ ಕಟ್ಟಿಕೊಂಡ.

ಶಶಿರೇಖಾ ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದಳು. "ಮಾವ, ಎಂಟು ದಿನದಿಂದ ನಿಮಗೆ ಗೊತ್ತಿತ್ತಾ?"

ಆವುಲಪ್ಪನವರು ಮತ್ತೆ ಚಾಪೆಯ ಮೇಲೆ ಕೂತು ಹಿಡಿಕೆಯನ್ನು ಕೈಗೆ ತೆಗೆದುಕೊಂಡರು.

"ಗೊತ್ತಿದ್ದೂ ನನ್ನ ಏನೂ ಅನ್ಲಿಲ್ವಾ?"

ಅವರು ಹಿಡಿಕೆಯ ವೈರನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ಆ ದೊಡ್ಡ ಮನುಷ್ಯ ಸೊಸೆಯ ಮುಖ ನೋಡಲಾರದೆ ಟಿವಿಯನ್ನೇ ನೋಡುತ್ತ ಮಾತಾಡಿದರು.

"ಆವತ್ತು ಛತ್ರದಲ್ಲಿ ಇವನು ಕೂಗಿದಾಗ ಎಲ್ರೂ ತಟ್ಟೆ ನೋಡ್ತಿದ್ರು. ನಾನು ನಿನ್ನ ನೋಡ್ದೆ ಕಣಮ್ಮ. ನೀನು ನಗ್ತಿದ್ದೆ. ನಮ್ಮನೆಗೆ ಬಂದು ಎಂಟು ವರ್ಷ ಆಯ್ತು, ಹಂಗೆ ನಕ್ಕಿದ್ದು ನಾನು ನೋಡೇ ಇರ್ಲಿಲ್ಲ. ಆಮೇಲೆ ಏಳು ಅಂತ ಗೊತ್ತಾದಾಗ ಅದೇ ಹಳೇ ಮಾತು ಬಾಯಿಗೆ ಬಂತು. ಅಂದ್ರೆ ಆ ನಗು ಹೋಗ್ತದಲ್ಲ ಅನ್ನಿಸ್ತು. ಸುಮ್ಕಾದೆ."

ಅಶ್ವತ್ಥಪ್ಪನವರ ನಗು ನಿಂತಿತು. ಭದ್ರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಮೈಕು ಹಿಡಿದು ಗಂಟಲು ಹರಿದುಕೊಂಡ ನಾನು ಆ ಹೊತ್ತು ನೆಲ ನೋಡುತ್ತಿದ್ದೆ. ಇಷ್ಟು ವರ್ಷ ಆವುಲಪ್ಪನವರನ್ನು ಮುಳ್ಳು ಎಂದು ನಾನೂ ಐದು ಮಾತು ಕೇಳಿಯೇ ಪಾಸು ಮಾಡಿದ್ದೆ. ನನಗೆ ನಾಚಿಕೆಯಾಯಿತು.

ಶಶಿರೇಖಾ ಅಳುತ್ತಿದ್ದಳು, ಆದರೆ ದನಿ ಗಟ್ಟಿಯಾಗಿತ್ತು. ದಾಯಾದಿಯ ಎದುರಲ್ಲೇ, ಅಣ್ಣನ ಎದುರಲ್ಲೇ ಕೇಳಿದಳು.

"ಹಂಗಾದ್ರೆ ಇನ್ಮೇಲೂ ಅನ್ಬೇಡಿ ಮಾವ."

ಆವುಲಪ್ಪನವರು ಈಗ ತಿರುಗಿ ಅವಳನ್ನು ನೋಡಿದರು.

"ಅನ್ನಲ್ಲ," ಎಂದರು.